ಫ್ಯಾನ್ ಇದ್ದರೂ ಹೀಟ್‌ಸಿಂಕ್ ಕಾಯುವುದೇಕೆ?

ಪ್ರಶ್ನೆ: ನಾನೇ ಜೋಡಿಸಿದ ಆಂಪ್ಲಿಫೈಯರ್‌ನ ಹಿಂಬದಿಯಲ್ಲಿ 120 ಮಿ.ಮೀ. ಚೌಕದ ಹೀಟ್‌ಸಿಂಕ್ (ಶಾಖವನ್ನು ಗಾಳಿಗೆ ಬಿಡುವ ಲೋಹದ ತುಂಡು) ಇದೆ. ಅದರ ಫಿನ್‌ಗಳು, ಅಂದರೆ ತೆಳು ಪಟ್ಟಿಗಳು, ಅಡ್ಡಲಾಗಿವೆ. ಕೆಳಗಿನಿಂದ ಮೇಲಕ್ಕೆ ಊದುವಂತೆ ಅಷ್ಟೇ ಅಗಲದ ಫ್ಯಾನ್ ಹಾಕಿದರೂ ಅರ್ಧ ಗಂಟೆಯಲ್ಲಿ ಮುಟ್ಟಲಾಗದಷ್ಟು ಕಾಯುತ್ತದೆ. ಜೋರಾದ ಫ್ಯಾನ್ ತರಲೇ, ಹೀಟ್‌ಸಿಂಕ್ ತಿರುಗಿಸಲೇ?

ಉತ್ತರ: ತಿರುಗಿಸಿ. ಈಗ ಗಾಳಿ ಮೊದಲ ಫಿನ್‌ಗೆ ಬಡಿದು, ಉಳಿದವುಗಳ ತುದಿಯನ್ನಷ್ಟೇ ಸವರಿಕೊಂಡು ಹೋಗುತ್ತಿದೆ. ಫಿನ್‌ಗಳ ನಡುವಿನ ಸಂದಿಯೊಳಗಿನ ಬಿಸಿಗಾಳಿ ಇದ್ದಲ್ಲೇ ಸುತ್ತುತ್ತಿರುತ್ತದೆ. ಜೋರಾದ ಫ್ಯಾನ್ ಇದಕ್ಕೆ ಮದ್ದಲ್ಲ. ಗಾಳಿ ಸರಾಗವಾಗಿ ಹರಿಯುವ ಫಿನ್‌ಗಳಲ್ಲೂ ವೇಗ ಇಮ್ಮಡಿಯಾದರೆ ಶಾಖ ಬಿಡುವ ಪ್ರಮಾಣ ಸುಮಾರು 1.4 ಪಟ್ಟಷ್ಟೇ ಆಗುತ್ತದೆ.

‘ಬಿಸಿಗಾಳಿ ಮೇಲೇರುತ್ತದೆ, ಫಿನ್ ನೆಟ್ಟಗಿರಬೇಕು’ ಎಂಬ ಮಾತು ಫ್ಯಾನ್ ಇಲ್ಲದಾಗ ಪೂರ್ತಿ ನಿಜ. ನಿಮ್ಮ ಹೀಟ್‌ಸಿಂಕ್ ಸುತ್ತಲಿಗಿಂತ 40 ಡಿಗ್ರಿ ಹೆಚ್ಚು ಬಿಸಿಯಾದರೂ ಗಾಳಿ ತಾನಾಗಿ ಏರುವ ವೇಗ ಸೆಕೆಂಡಿಗೆ ಅರ್ಧ ಮೀಟರ್ ಮುಟ್ಟುವುದಿಲ್ಲ. ಫ್ಯಾನ್ 2 ಮೀಟರ್ ವೇಗದಲ್ಲಿ ತಳ್ಳುವಾಗ ಅದು ಲೆಕ್ಕಕ್ಕೇ ಬರದು. ಆಗ ಫಿನ್ ನಿಂತಿದ್ದರೂ ಮಲಗಿದ್ದರೂ ಒಂದೇ, ಗಾಳಿ ಹೋಗುವ ದಿಕ್ಕಿಗೆ ಇದ್ದರಾಯಿತು. ಹೀಟ್‌ಸಿಂಕ್ ತಿರುಗಿಸಿದಾಗ ಟ್ರಾನ್ಸಿಸ್ಟರ್‌ಗಳ ತೂತುಗಳು ಹೊಂದದಿದ್ದರೆ ಫ್ಯಾನನ್ನೇ ಪಕ್ಕಕ್ಕೆ ತಂದು ಫಿನ್‌ಗಳ ಉದ್ದಕ್ಕೆ ಊದಿಸಿ, ಅದೂ ಸರಿಯೇ.

ಆದರೂ ನೆಟ್ಟಗಿನ ಫಿನ್‌ಗೇ ನಮ್ಮ ಮತ. ದೂಳು ಕಟ್ಟಿ ಫ್ಯಾನ್ ನಿಧಾನವಾದ ದಿನ ಗಾಳಿ ತಾನೇ ಏರಿ ಒಂದಿಷ್ಟು ಕಾಪಾಡುತ್ತದೆ. ಅದಕ್ಕೆ ಸಂದಿ 7–8 ಮಿ.ಮೀ. ಇರಬೇಕು. 3 ಮಿ.ಮೀ. ಸಂದಿ ಫ್ಯಾನ್ ಓಡುವಾಗ ಚೆನ್ನ, ನಿಂತರೆ ಉಸಿರುಗಟ್ಟುತ್ತದೆ.

ಪ್ಲಗ್ ಕಿತ್ತು, ಕೆಪಾಸಿಟರ್‌ಗಳ ಚಾರ್ಜ್ ಇಳಿದದ್ದನ್ನು ಮೀಟರ್‌ನಲ್ಲಿ ನೋಡಿಕೊಂಡೇ ಬಿಚ್ಚಿ. ಟ್ರಾನ್ಸಿಸ್ಟರ್ ಅಡಿಯ ಮೈಕಾ ಹಾಳೆ ಹರಿದಿದ್ದರೆ ಬದಲಿಸಿ, ಶಾಖ ದಾಟಿಸುವ ಹೊಸ ಪೇಸ್ಟ್ ತೆಳ್ಳಗೆ ಹಚ್ಚಿ. ಫ್ಯಾನನ್ನು ಫಿನ್‌ಗೆ ತಾಗಿಸಿ ಕೂರಿಸಬೇಡಿ. 15–20 ಮಿ.ಮೀ. ಅಂತರ ಬಿಡದಿದ್ದರೆ ಫ್ಯಾನಿನ ಮೋಟಾರಿಗೆ ನೇರವಾಗಿರುವ ನಡುವಿನ ಸಂದಿಗಳಿಗೆ ಗಾಳಿ ಸಿಗುವುದಿಲ್ಲ. ಆ ಅಂತರದ ಸುತ್ತಲೂ, ಫಿನ್‌ಗಳ ತುದಿಗೂ ತೆಳು ಅಲ್ಯೂಮಿನಿಯಂ ತಗಡು ಮುಚ್ಚಿ. ಇಲ್ಲವಾದರೆ ಇಕ್ಕಟ್ಟಿನ ಸಂದಿಗೆ ನುಗ್ಗುವ ಬದಲು ಗಾಳಿ ಹೊರಗೇ ಜಾರಿಕೊಳ್ಳುತ್ತದೆ.

ಕೊನೆಗೆ ಉರಿಯುವ ಊದುಬತ್ತಿಯನ್ನು ಹೀಟ್‌ಸಿಂಕ್‌ನ ಮೇಲ್ತುದಿಯಲ್ಲಿ ಸಂದಿಯಿಂದ ಸಂದಿಗೆ ನಿಧಾನವಾಗಿ ಸರಿಸಿ. ಹೊಗೆ ಎಲ್ಲೆಡೆ ಸರ್ರನೆ ಮೇಲಕ್ಕೆ ಹಾರಬೇಕು. ಎಲ್ಲಿ ಸುರುಳಿ ಸುತ್ತಿ ನಿಲ್ಲುತ್ತದೋ ಆ ಸಂದಿಗೆ ಗಾಳಿ ತಲುಪಿಲ್ಲ, ತಗಡನ್ನು ಮತ್ತೆ ಸರಿಪಡಿಸಿ.