ತಪ್ಪು ದಾರಿಯಲ್ಲಿ ಬಂದ ಹಣಕ್ಕೆ ಕ್ರೈಸ್ತನೊಬ್ಬ ದೇವರಲ್ಲಿ ಕ್ಷಮೆ ಕೇಳಿದರೆ ಸಾಲದೇ?

ಸಾಲದು. ಹಣ ಯಾರದೋ ಅವರ ಕೈಗೇ ಮರಳಬೇಕು. ಪಾಪವನ್ನು ಕ್ಷಮಿಸುವವನು ದೇವರೇ, ಆದರೆ ಇನ್ನೊಬ್ಬರಿಗೆ ಆದ ನಷ್ಟ ಪ್ರಾರ್ಥನೆಯಿಂದ ತುಂಬುವುದಿಲ್ಲ.

ಬೈಬಲಿನ ಅರಣ್ಯಕಾಂಡ 5:6–7 ಇದನ್ನು ಲೆಕ್ಕ ಸಮೇತ ಹೇಳುತ್ತದೆ: ತಪ್ಪು ಒಪ್ಪಿಕೊಂಡು, ಪೂರ್ತಿ ಅಸಲಿನ ಜೊತೆ ಅದರ ಐದನೇ ಒಂದು ಭಾಗ ಸೇರಿಸಿ ಕೊಡಬೇಕು. ಸುಳ್ಳು ಪ್ರಯಾಣದ ಬಿಲ್ ತೋರಿಸಿ ಕಚೇರಿಯಿಂದ 5,000 ರೂಪಾಯಿ ಪಡೆದಿದ್ದರೆ, ಆ ಲೆಕ್ಕದಲ್ಲಿ 6,000. ಸುಂಕದವನಾದ ಜಕ್ಕಾಯ ನಾಲ್ಕರಷ್ಟು ಕೊಡುತ್ತೇನೆ ಎಂದ (ಲೂಕ 19:8). ಇಂದು ಆ ಪ್ರಮಾಣ ಕಡ್ಡಾಯವಲ್ಲ, ಅಸಲಿನಲ್ಲಿ ಮಾತ್ರ ರಿಯಾಯಿತಿ ಇಲ್ಲ. ಕಥೋಲಿಕರಲ್ಲಿ ಗುರುಗಳ ಮುಂದೆ ಪಾಪನಿವೇದನೆ ಮಾಡಿದರೂ ಹಿಂದಿರುಗಿಸುವ ಹೊಣೆ ಉಳಿದೇ ಇರುತ್ತದೆ.

ಹೆಚ್ಚಿನವರು ಎಡವುವುದು ಎಲ್ಲಿ ಎಂದರೆ, ಆ ಹಣವನ್ನು ಚರ್ಚಿನ ಕಾಣಿಕೆ ಪೆಟ್ಟಿಗೆಗೆ ಹಾಕಿ ನಿರಾಳರಾಗುತ್ತಾರೆ. ಅದು ಪರರ ಹಣ, ಕಾಣಿಕೆ ಕೊಡಲು ನಮ್ಮದಲ್ಲ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು, ಮೊದಲು ಹೋಗಿ ಸಹೋದರನೊಂದಿಗೆ ಸಮಾಧಾನವಾಗು ಎಂದು ಯೇಸು ಹೇಳಿದ್ದಾರೆ (ಮತ್ತಾಯ 5:23–24).

ಹೋಗುವ ಮುನ್ನ ಮೊತ್ತ, ತಾರೀಖು ಬರೆದಿಟ್ಟುಕೊಳ್ಳಿ. "ಈ ಬಿಲ್ ಸುಳ್ಳು, ಹಣ ತಂದಿದ್ದೇನೆ" ಎಂದರೆ ಸಾಕು. "ಎಲ್ಲರೂ ಮಾಡ್ತಾರೆ" ಎಂದು ಸೇರಿಸಿದ ಕೂಡಲೇ ಅದು ತಪ್ಪೊಪ್ಪಿಗೆಯಾಗಿ ಉಳಿಯದೆ ವಾದವಾಗುತ್ತದೆ. ಶಿಸ್ತುಕ್ರಮ ಬಂದರೆ ಒಪ್ಪಿಕೊಳ್ಳಬೇಕು. ನನ್ನ ಮಟ್ಟಿಗೆ ಹಣಕ್ಕಿಂತ ಕಷ್ಟದ ಭಾಗ ಇದೇ. ಒಮ್ಮೆಗೇ ಆಗದಿದ್ದರೆ ಕಂತು ಗೊತ್ತುಮಾಡಿಕೊಳ್ಳಿ. ಹಣದ ಒಡೆಯರು ತೀರಿಹೋಗಿದ್ದರೆ ವಾರಸುದಾರರಿಗೆ, ಯಾರೂ ಸಿಗದಿದ್ದರೆ ಬಡವರಿಗೆ ಕೊಡಿ.