ಸೈಟು ವ್ಯಾಪಾರ ತಣ್ಣಗಾಗಿರುವಾಗ ತುಮಕೂರಿನಲ್ಲಿ ನಿವೇಶನ ಕೊಳ್ಳಬಹುದೇ?

ಕೊಳ್ಳಬಹುದು. ಆದರೆ ಸಾಲ ಮಾಡದೆ, ಏಳೆಂಟು ವರ್ಷ ಮುಟ್ಟಬೇಕಿಲ್ಲದ ಹಣದಲ್ಲಿ ಮಾತ್ರ.

ಮಾರುಕಟ್ಟೆ ಬಿದ್ದಾಗ ಮೊದಲು ನಿಲ್ಲುವುದು ವ್ಯಾಪಾರ. ಬೆಲೆ ಇಳಿಯುವುದು ಬಹಳ ತಡವಾಗಿ. ಕೊಂಡ ದರಕ್ಕಿಂತ ಕಡಿಮೆಗೆ ಮಾರಲು ಯಾರಿಗೂ ಮನಸ್ಸು ಬರುವುದಿಲ್ಲ, ಕಾಯುತ್ತಾರೆ. ಕ್ಯಾತ್ಸಂದ್ರದ ಆಚೆ ಸೈಟು ನೋಡಲು ಹೋದರೆ ನಂಬರು ಬರೆದ ಕಲ್ಲುಗಳು ಪಾರ್ಥೇನಿಯಂ ಗಿಡಗಳ ನಡುವೆ ಮುಚ್ಚಿಹೋಗಿರುತ್ತವೆ, ಆದರೂ ದಲ್ಲಾಳಿ ಹೇಳುವುದು ಹಳೆಯ ದರವನ್ನೇ. ನಿಜವಾಗಿ ಇಳಿಸುವವರು ಮಗಳ ಮದುವೆ, ಆಸ್ಪತ್ರೆ ಖರ್ಚು ಎಂದು ತುರ್ತಿನಲ್ಲಿರುವವರು. ಕೈಯಲ್ಲಿ ನಗದಿದ್ದರೆ ಆ ಲಾಭ ನಿಮಗೆ. ನಾಳೆ ಅಂಥ ತುರ್ತು ನಿಮಗೇ ಬಂದರೆ ಇಳಿಸಬೇಕಾದವರು ನೀವು.

ಸಾಲದ ಲೆಕ್ಕ ನೋಡಿ. 30 ಲಕ್ಷದ ಸೈಟಿಗೆ ಶೇ 9ರ ಬಡ್ಡಿಯಲ್ಲಿ 20 ಲಕ್ಷ ಸಾಲ ಪಡೆದರೆ ಮೊದಲ ವರ್ಷದ ಬಡ್ಡಿಯೇ ಸುಮಾರು 1.8 ಲಕ್ಷ. ಖಾಲಿ ಸೈಟು ಬಾಡಿಗೆ ತರುವುದಿಲ್ಲ. ಆ ವರ್ಷ ಬೆಲೆ ಶೇ 6ರಷ್ಟು ಏರಿದರೂ ಅದು ಬಡ್ಡಿಗೇ ಸರಿಹೋಯಿತು.

ಇನ್ನೊಂದು ಮಾತು: ಚೌಕಾಸಿ ಮಾಡಿ ಸರ್ಕಾರ ಆ ಪ್ರದೇಶಕ್ಕೆ ಗೊತ್ತುಮಾಡಿದ ಮಾರ್ಗಸೂಚಿ ದರಕ್ಕಿಂತ ಕಡಿಮೆಗೆ ಕೊಂಡರೂ ಮುದ್ರಾಂಕ ಶುಲ್ಕವನ್ನು ಮಾರ್ಗಸೂಚಿ ದರದ ಮೇಲೆಯೇ ಕಟ್ಟಬೇಕು. ಅಗ್ಗವೆಂದು ದಾಖಲೆಗಳ ವಿಷಯದಲ್ಲಿ ಸಡಿಲ ಬಿಡಬೇಡಿ. ಕೃಷಿ ಜಮೀನನ್ನು ವಸತಿಗೆ ಬದಲಿಸಿದ ಭೂಪರಿವರ್ತನೆ ಆದೇಶ, ಸ್ಥಳೀಯ ಸಂಸ್ಥೆಯ ಆಸ್ತಿ ದಾಖಲೆಯಾದ ಇ-ಖಾತಾ, ನೋಂದಣಿಯಾದ ಅಡಮಾನವಿದ್ದರೆ ತೋರಿಸುವ ಋಣಭಾರ ಪತ್ರ, ಈ ಮೂರನ್ನೂ ಕಣ್ಣಾರೆ ನೋಡುವ ಮೊದಲು ದಯವಿಟ್ಟು ಮುಂಗಡ ಕೊಡಬೇಡಿ.