ಟೂರಿಸಂ ಸ್ಟಡೀಸ್ ಅಂದ್ರ ಬರೀ ಹೋಟೆಲ್ ನಡಸೋದು ಕಲಿಯೋದೇನ್ರಿ?

ಇಲ್ರಿ, ಹೋಟೆಲ್ ಅದರಾಗ ಒಂದ್ ಭಾಗ ಅಷ್ಟ. ಪ್ರವಾಸಿಗರು ಬರಾಕತ್ತಿದ ಮ್ಯಾಲೆ ಆ ಊರ ಮಂದಿ ಬದುಕು ಹ್ಯಾಂಗ ಬದಲಾಗ್ತದ ಅನ್ನೋದೂ ದೊಡ್ಡ ವಿಷಯ. 1975ರಾಗ ಡಾಕ್ಸಿ ಅನ್ನೋ ಪ್ರವಾಸೋದ್ಯಮ ಸಂಶೋಧಕರು ಹೇಳಿದ್ದು ನನಗ ಭಾಳ ಮುಖ್ಯ ಅನಸ್ತದ, ಮೊದಲ ಊರವ್ರಿಗೆ ಖುಷಿ, ಆಮ್ಯಾಲೆ ಬಂದ್ರ ಬರ್ಲಿ ಅನ್ನೋ ಭಾವ, ಗದ್ದಲ ಹೆಚ್ಚಾದ್ರ ಕಿರಿಕಿರಿ, ಕಡೀಕ ಸಿಟ್ಟು. ಎಲ್ಲಾ ಕಡೆ ಹಿಂಗ ಆಗ್ತದಂತಲ್ಲ, ರೊಕ್ಕ ಯಾರ ಕೈಗೆ ಹೋಗ್ತದ ಅನ್ನೋದೂ ನೋಡಬೇಕು.

ನಮ್ಮ ಬಾಗಲಕೋಟಿ ಜಿಲ್ಲಾದಾಗ ಪಟ್ಟದಕಲ್ಲು 1987ರಾಗ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರ್ತು, ಐಹೊಳಿಯೊಳಗ ಗುಡಿಗೋಳ ಮಗ್ಗಲಕ್ಕ ಮನಿ ಅದಾವ, ಊರ ಸ್ಥಳಾಂತರದ ಮಾತು ಎಷ್ಟೋ ವರ್ಷದಿಂದ ನಡದದ. ಗುಡಿ ಉಳೀಬೇಕು ಖರೇ, ಆದ್ರ ತಲತಲಾಂತರದಿಂದ ಇದ್ದವ್ರನ್ನ ಕೇಳದ ಪ್ಲಾನ್ ಮಾಡಿದ್ರ ಅನ್ಯಾಯ. ಕೋರ್ಸ್ ತಗೊಂಡ್ರ ಪ್ರಾಜೆಕ್ಟಿಗೆ ಐಹೊಳಿನ ಆರಿಸ್ರಿ, ಗೈಡ್, ಆಟೋದವ್ರ ಜೋಡಿ ಬಾದಾಮಿ ಹತ್ರದ ಬನಶಂಕರಿಯೊಳಗ ರೊಟ್ಟಿ ಮಾರೋ ಅಕ್ಕಾರನ್ನೂ ಮಾತಾಡಸ್ರಿ.